ಅರ್ಧ ಪಾತ್ರೆ

ಬೈತಖೋಲದಿಂದ ಪೇಟೆಗೆ ನಡೆದೇ ಬಂದೆವು, ನಾನು ಮತ್ತು ಶೇವಂತಿ.
ಕಾರವಾರದಲ್ಲಿ ಆದಿತ್ಯವಾರ, ಸಂತೆ.
ಕಾಸರನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ,
ಮಾಡಿನಿಂದ ಬಾಲ್ದಿಗಳು ತೂಗುತ್ತಿದ್ದವು,
ಒಂದೊಂದರಲ್ಲೂ ನನ್ನ ಮುಖ ಒಂದೊಂದು ನಮೂನೆ ಸೊಟ್ಟ.

ಬೇಕಾದದ್ದು ಒಂದೇ: ಹಿಡಿಕೆ ಇರುವ ಸ್ಟೀಲಿನ ಪಾತ್ರೆ.
ಬೆಳಿಗ್ಗೆ ಚಹಾ, ಮಧ್ಯಾಹ್ನ ಸಾರು, ರಾತ್ರಿ ಉಳಿದದ್ದು ಬಿಸಿ.
ಅಲ್ಯೂಮಿನಿಯಂ ಬೇಡ ಎಂದು ಮೊದಲೇ ಮಾತಾಗಿತ್ತು.
ಬೋಟಿನ ಟೋಪನ್ನು ಮುರುಗಲ ಹುಳಿ ಹೇಗೆ ತಿಂದಿತೆಂದು
ಇಪ್ಪತ್ತಾರು ವರ್ಷ ನೋಡಿದವನು ನಾನು;
ತಳವೆಲ್ಲ ಹುಣ್ಣೆದ್ದ ನಾಲಿಗೆಯ ಹಾಗೆ.

ಅಂಗಡಿಯವ ಮೂರು ತಂದಿಟ್ಟ.
ಮೊದಲನೆಯದು ಹಗುರ, ಹೊಳಪೋ ಹೊಳಪು.
ಉಗುರಿನಿಂದ ತಟ್ಟಿದೆ: ಟಿಣ್.
ಟಿಣ್ ಅಂದದ್ದರಲ್ಲಿ ಹಾಲು ತಳ ಹಿಡಿಯದೆ ಬಿಡುವುದಿಲ್ಲ.
ಇನ್ನೊಂದರ ಮುಚ್ಚಳ ಕೂರಲಿಲ್ಲ.
ಮೂರನೆಯದು ಠಪ್ ಎಂದಿತು, ಮಾತು ಕಡಿಮೆಯ ಮನುಷ್ಯನಂತೆ.
ಬಿಸಿ ಸಮನಾಗಿ ಹಬ್ಬಲೆಂದು ಸ್ಟೀಲಿನ ನಡುವೆ
ಅಲ್ಯೂಮಿನಿಯಂ ಪದರ ಕೂರಿಸಿದ್ದಾರಂತೆ.
'ಬೇಡವೆಂದದ್ದು ಒಳಗೇ ಇದೆಯಲ್ಲ' ಅಂದೆ.
'ಒಳಗೆ ಇರ್ಲಿ, ಹುಳಿ ತಾಗೂದಿಲ್ಲ' ಅಂದಳು ಶೇವಂತಿ,
ನನ್ನನ್ನೇ ನೋಡುತ್ತ.

ಅವಳು ಮೀನು ಮಾರುವವಳು. ಕೈಯೇ ತಕ್ಕಡಿ.
ಹಿಡಿಕೆಯ ತುದಿ ಹಿಡಿದು, ತೋಳು ಚಾಚಿ
ಹತ್ತು ಎಣಿಸುವವರೆಗೆ ನಿಂತಳು.
ರಿವೆಟ್ಟು ಹಾಕಿದೆಯೋ, ಬರೀ ಬೆಸುಗೆಯೋ ನೋಡಿದಳು.
ಅವನು ಕುಡಿಯಲು ಇಟ್ಟುಕೊಂಡ ತಂಬಿಗೆ ಕೇಳಿ ಪಡೆದು
ನೀರನ್ನೆಲ್ಲ ಒಳಗೆ ಸುರಿದು, ಬಗ್ಗಿಸಿ, ಮೆಟ್ಟಿಲಿಗೆ ಹೊಯ್ದಳು:
ಅಂಚಿನಿಂದ ಒಂದೇ ಎಳೆಯಾಗಿ ಬಿತ್ತು,
ಹೊಟ್ಟೆಗುಂಟ ಒಂದು ಹನಿ ಇಳಿಯಲಿಲ್ಲ.
ಅಂಗಡಿಯವ ಖಾಲಿ ತಂಬಿಗೆ ನೋಡಿದ. ಏನೂ ಅನ್ನಲಿಲ್ಲ.

ಅಳತೆಯಲ್ಲಿ ಎಡವಿದ್ದು ನಾನು.
ಒಂದೂವರೆ ಲೀಟರು, ಎರಡು, ಮೂರೂವರೆ;
ಕೈ ತಾನಾಗಿ ದೊಡ್ಡದರತ್ತ ಹೋಯಿತು.
'ಇಬ್ಬರಿಗೆ?' ಅಂದಳು.
ಇಬ್ಬರಿಗೇ. ಆದರೆ ಅರ್ಧಕ್ಕಿಂತ ಮೇಲೆ ತುಂಬಬಾರದಲ್ಲ,
ತೆರೆ ಬಂದರೆ ಚೆಲ್ಲುತ್ತದೆ,
ಎಂದು ಹೇಳುತ್ತ ಹೇಳುತ್ತ ನನಗೇ ಕೇಳಿಸಿತು.
ಹದಿನಾಲ್ಕು ಜನರ ಅಕ್ಕಿ ಕಣ್ಣು ಮುಚ್ಚಿ ಅಳೆಯಬಲ್ಲೆ,
ಟೋಪನ್ನು ಒಲೆಗೆ ಹಗ್ಗದಿಂದ ಬಿಗಿದು
ಕಾಲಗಲಿಸಿ ನಿಂತು ಒಗ್ಗರಣೆ ಹಾಕಬಲ್ಲೆ.
ಇಬ್ಬರ ಹಸಿವು ಎಷ್ಟು ಲೀಟರು, ಗೊತ್ತಿಲ್ಲ.

ಅವಳು ನಗಲಿಲ್ಲ. ಎರಡರದ್ದು ಎತ್ತಿ ಕೈಗಿಟ್ಟಳು.
'ಇಲ್ಲಿ ನೆಲ ಅಲುಗೂದಿಲ್ಲ.
ನಾಳೆಯಿಂದ ನಾನು ಪೇಟೆಗೆ, ನೀವು ಒಲೆಗೆ.'

ಹೆಸರು ಕೊರೆಯುವ ಯಂತ್ರ ಗುಂಯ್ ಎಂದಿತು.
'ಏನಂತ ಹಾಕ್ಲಿ?'
ಮಲ್ಪೆಯವರಿಗೆ ಮಾರಿಹೋದ ಬೋಟಿನ ಹೆಸರು ಬಾಯಿಗೆ ಬಂದಿತ್ತು.
'ಜಲ' ಎಂದು ಕೊರೆಯುವಷ್ಟರಲ್ಲಿ ಶೇವಂತಿ ತಡೆದಳು.
ಸ್ಟೀಲಿನ ಮೇಲೆ ಅಳಿಸಲು ಬರುವುದಿಲ್ಲ.
ಪಕ್ಕದಲ್ಲೇ ನನ್ನ ಹೆಸರು ಬರೆಸಿದಳು,
ತಪ್ಪು ಯಾರದೆಂದು ವಾದಿಸಿ ಐವತ್ತು ರೂಪಾಯಿ ಇಳಿಸಿದಳು.
ಈಗ ಪಾತ್ರೆಯ ಹೊಟ್ಟೆಯ ಮೇಲೆ 'ಜಲ ರೋಹಿದಾಸ'.

ರಾತ್ರಿ ಮುರುಗಲು, ಜುಮ್ಮನಕಾಯಿ ಹಾಕಿ ಬಂಗಡೆ ಸಾರು.
ಅಂಚಿಗೆ ಎರಡು ಬೆರಳು ಬಿಟ್ಟು ತುಂಬಿದೆ,
ಅಷ್ಟು ತುಂಬಿದ್ದು ಅದೇ ಮೊದಲು.
ಒಂದು ಕೈ ಸೌಟಿನಲ್ಲಿ, ಒಂದು ಹಿಡಿಕೆಯ ಮೇಲೆ.
ದಿನದ ದುಡ್ಡು ಎಣಿಸುತ್ತಿದ್ದವಳು ತಲೆ ಎತ್ತದೆ ಅಂದಳು:
'ಕೈ ಬಿಡಿ, ಅದು ಎಲ್ಲಿಗೂ ಹೋಗೂದಿಲ್ಲ.'

ಬಿಟ್ಟೆ.
ಪಾತ್ರೆ ನಿಂತಲ್ಲೇ ನಿಂತು ಕುದಿಯಿತು.
ನಾನು ಸ್ವಲ್ಪ ತೂಗುತ್ತಿದ್ದೆ.