ಒಂಬತ್ತನೇ ತೊಟ್ಟಿ

ಐದು ವರ್ಷ ಬಾಳುತ್ತದೆಂದು ಡಬ್ಬಿಯ ಮೇಲೆ ಬರೆದಿತ್ತು.
ಏಳು ವಾರಕ್ಕೆ ಸತ್ತಿತು.
ಯೂಂಟಾದಿಂದ ಮೂವತ್ತೊಂದು ಕಿಲೋಮೀಟರ್, ಆಮೇಲೆ ನಾಲ್ಕು ಗೇಟು.
ಮುಚ್ಚಿದ್ದನ್ನು ಮುಚ್ಚಿಯೇ ಮುಂದೆ ಹೋಗಬೇಕು, ಅದು ಇಲ್ಲಿಯ ಧರ್ಮ.
ಕೊನೆಯ ಗೇಟಿನ ಸರಪಳಿ ಬೆರಳು ಸುಡುವಷ್ಟು ಕಾದಿತ್ತು.

ವರ್ನಾ ಹಾಕ್ಲಿ ತೊಟ್ಟಿಯ ಅಂಚಿಗೆ ಕೂತಿದ್ದಳು,
ಪಕ್ಕದಲ್ಲಿ ಕೆಂಚು ನಾಯಿ, ಅರ್ಧ ಮುಖ ನೀರಿನಲ್ಲಿ.
"ಭಾನುವಾರ ತುಂಬಿದೆ ಅಂದಿತು ನಿನ್ನ ಯಂತ್ರ.
ಸೋಮವಾರವೂ ಅದನ್ನೇ ಅಂದಿತು.
ಬುಧವಾರ ನಾನೇ ಬಂದು ನೋಡಿದೆ. ಹನ್ನೊಂದು ಕುರಿ."
ಅಷ್ಟೇ. ಹೇಗಿದ್ದವು ಎಂದು ಅವಳು ಹೇಳಲಿಲ್ಲ,
ನಾನು ಕೇಳಲಿಲ್ಲ. ಬೇಲಿಯಾಚೆ ಕಾಗೆಗಳಿದ್ದವು.

ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ತಲೆಗೆ ಟವೆಲ್ಲು ಹೊದ್ದು,
ನೆಗಡಿಗೆ ಹಬೆ ತೆಗೆದುಕೊಳ್ಳುವವನ ಹಾಗೆ ಬಗ್ಗಿ
ಅದರ ಲಾಗು ಓದಿದೆ:

ಕೂಗಿದೆ. ಟವರು ಓಗೊಡಲಿಲ್ಲ.
ಕೂಗಿದೆ. ಅರ್ಧ ಓಗೊಟ್ಟು ತಪ್ಪಿತು.
ಹತ್ತು ಸೆಕೆಂಡು. ಕೂಗಿದೆ.
ವೋಲ್ಟೇಜು ಕುಸಿಯಿತು. ಎಚ್ಚರ ತಪ್ಪಿದೆ.
ಎದ್ದೆ. ನಾನು ಯಾರು, ಯಾವ ದೇಶ, ಯಾವ ಜಾಲ,
ಎಲ್ಲ ಮೊದಲಿನಿಂದ ತಡಕಿ
ಕೂಗಿದೆ.

ನಲವತ್ತೊಂಬತ್ತು ರಾತ್ರಿ ಹೀಗೆ.
ಹೇಳಬೇಕಾದ್ದು ಬರೀ ಹನ್ನೆರಡು ಬೈಟು: ನೀರೆಷ್ಟು, ಹೊತ್ತೆಷ್ಟು.
ಹೇಳುವುದಕ್ಕಲ್ಲ,
ಹೇಳಲು ಜಾಗ ಕೇಳುವುದಕ್ಕೇ ಜೀವ ತೇದುಕೊಂಡಿತು.

ಅದರ ತಪ್ಪಲ್ಲ. ಬಿಡದೆ ಕೂಗು ಎಂದು ಬರೆದುಕೊಟ್ಟವನು ನಾನು,
ಅಡಿಲೇಡಿನ ತಂಪು ಕೋಣೆಯಲ್ಲಿ, ಟವರಿನ ಬುಡದಲ್ಲೇ ಕೂತು.
ಭಾನುವಾರ ಸತ್ತ ಮಾತು ಬುಧವಾರವೂ
ಪರದೆಯ ಮೇಲೆ ಹಸಿರಾಗಿತ್ತಲ್ಲ,
ಆ ಹಸಿರನ್ನು ಆರಿಸಿದವನೂ ನಾನೇ.

ಮಲಗಿದ ಬ್ಯಾಟರಿಯೊಳಗೆ, ವರ್ನಾಗೆ ಹೇಳಿದೆ,
ಲಿಥಿಯಮ್ಮಿನ ಮೈಮೇಲೆ ಉಪ್ಪಿನ ತೆಳು ಪೊರೆ ಕಟ್ಟುತ್ತದೆ.
ವರ್ಷಗಟ್ಟಲೆ ಅದನ್ನು ಕಾಯುವುದೂ ಆ ಪೊರೆಯೇ,
ತಟ್ಟನೆ ಎಬ್ಬಿಸಿದರೆ ಗಂಟಲು ಹಿಡಿಯುವುದೂ ಅದೇ.
"ನನ್ನ ಎಡಗಣ್ಣಿನದು ಬರೀ ಹಿಡಿಯುವ ಜಾತಿ," ಅಂದಳು.
"ಜೂನಿಗೆ ಪೋರ್ಟ್ ಆಗಸ್ಟಾದಲ್ಲಿ ತೆಗೀತಾರೆ."

ಹೆಬ್ಬೆರಳಿನಷ್ಟು ಕೆಪಾಸಿಟರ್ ಬೆಸೆದೆ ಬ್ಯಾಟರಿಯ ಪಕ್ಕಕ್ಕೆ,
ಹನಿ ಹನಿಯಾಗಿ ತುಂಬಿಕೊಂಡು
ಒಮ್ಮೆಗೇ ಸುರಿಯುವ ಬಿಂದಿಗೆ.
ನಿಂತುಹೋದ ಗಾಳಿಯಂತ್ರದ ಮೇಲಕ್ಕೆ ಆಂಟೆನಾ ಏರಿಸಿದೆ,
ಏಣಿ ಅವಳು ಹಿಡಿದಳು, ನಾಯಿ ನಂಬದೆ ಬೊಗಳಿತು.
ಮೇಲಿಂದ ಹೆದ್ದಾರಿ ಕಂಡಿತು, ಒಂದು ಲಾರಿ,
ಬೆಂಕಿಕಡ್ಡಿಯಷ್ಟು.

ಆಮೇಲೆ ನೆರಳಿಗೆ ಕೂತು ಹೊಸದಾಗಿ ಬರೆದೆ.
ಮಾತಿಗೆ ಮೊದಲು ಸಣ್ಣದೊಂದು ಏಟು ಕೊಡು, ಪೊರೆ ಹರಿಯಲಿ.
ನಿನ್ನೆ ಸಿಕ್ಕ ಬ್ಯಾಂಡನ್ನು ನೆನಪಿಟ್ಟುಕೋ, ಆಕಾಶವನ್ನೆಲ್ಲ ತಡಕಬೇಡ.
ಓಗೊಡದಿದ್ದರೆ ಒಂದು ನಿಮಿಷ ಬಿಡು. ಆಮೇಲೆ ಹತ್ತು. ಆಮೇಲೆ ಗಂಟೆ.
ಅದಕ್ಕೂ ಆಗದಿದ್ದರೆ ಹೇಳದ್ದನ್ನು ಗಂಟು ಕಟ್ಟಿಟ್ಟು
ಬೆಳಗಿನ ತನಕ ಸುಮ್ಮನಿರು.
ನೀರು ಗೇಣಿಗಿಂತ ಕೆಳಗಿಳಿದರೆ ಮಾತ್ರ
ಈ ಯಾವುದನ್ನೂ ಕೇಳಬೇಡ,
ಕೂಗು.

ಪರದೆಗೂ ಒಂದು ಸಾಲು ಬರೆದೆ:
ಹನ್ನೆರಡು ಗಂಟೆ ಸುದ್ದಿಯಿಲ್ಲದಿದ್ದರೆ ಹಸಿರು ಅಳಿಸಿ
"ಗೊತ್ತಿಲ್ಲ" ಎಂದು ತೋರಿಸು.
ಇಷ್ಟು ಸಣ್ಣ ಪದ. ಮೊದಲೇ ಯಾಕೆ ಹೊಳೆಯಲಿಲ್ಲವೋ.

ಆರೂ ಹನ್ನೆರಡಕ್ಕೆ ಮೊದಲ ಮಾತು ದಾಟಿತು:
ಅರವತ್ತೊಂದು ಸೆಂಟಿಮೀಟರ್.
ಫೋನು ಅವಳ ಮುಂದೆ ಹಿಡಿದೆ. ಅವಳು ನೋಡಲಿಲ್ಲ.
ತೋಳು ಮಡಚಿ ತೊಟ್ಟಿಯ ತಳ ಮುಟ್ಟಿ
ಒದ್ದೆ ಎಲ್ಲಿಯವರೆಗೆ ಬಂತೆಂದು ನೋಡಿಕೊಂಡಳು,
ಮೊಣಕೈ ದಾಟಿ, ಹೆಚ್ಚುಕಡಿಮೆ ಹೆಗಲು.
"ಸರಿಯಿದೆ," ಅಂದಳು. ತೋಳನ್ನು ಪ್ಯಾಂಟಿಗೆ ಒರೆಸಿದಳು.
"ಬುಧವಾರ ನಾನು ಬರ್ತೀನಿ, ಹೇಗೂ."

ನಾಲ್ಕು ಗೇಟು. ಒಂದೊಂದನ್ನೂ ಇಳಿದು ತೆರೆದೆ,
ಒಂದೊಂದನ್ನೂ ಇಳಿದು ಮುಚ್ಚಿದೆ.
ಸರಪಳಿ ಈಗ ತಣ್ಣಗಿತ್ತು.