ಗೆರೆ

ಬೆಳಗಿನ ಆರೂಕಾಲಿಗೆ ಹ್ಯಾಂಗರಿನ ಮುಂದೆ ಇನ್ನೂ ಮಬ್ಬು.
ರೆಕ್ಕೆಯಡಿ ಬಗ್ಗಿ, ಟ್ಯಾಂಕಿನ ತಳದಿಂದ
ಸಣ್ಣ ಗಾಜಿನ ಲೋಟಕ್ಕೆ ಪೆಟ್ರೋಲು ಇಳಿಸಿ ಎತ್ತಿ ಹಿಡಿದೆ.
ಗದಗಿನಿಂದ ಬಂದು ಇಪ್ಪತ್ತಾರು ವರ್ಷ, ಇದೇ ಕೆಲಸ:
ನೀರು ಸೇರಿದ್ದರೆ ಭಾರಕ್ಕೆ ಕೆಳಗಿಳಿದು ಬೇರೆ ಕೂರುತ್ತದೆ,
ಮುನಿಸಿಕೊಂಡ ದಾಯಾದಿಯ ಹಾಗೆ,
ನಡುವೆ ಒಂದು ಗೆರೆ.
ಗೆರೆ ಇರಲಿಲ್ಲ.
ಕೇತಕಿ ಖಲಾಟೆಯೂ ನೋಡಿದಳು, ಹತ್ತೊಂಬತ್ತರ ಹುಡುಗಿ,
ಒಬ್ಬಳೇ ಹಾರುವ ನಾಲ್ಕನೆಯ ದಿನ.
"ಇಲ್ಲ ಅಲ್ವಾ ಕಾಕಾ?"
"ಇಲ್ಲವ್ವ."
ಪುಸ್ತಕದಲ್ಲಿ ಸಹಿ ಹಾಕಿದೆ. ಪೆನ್ನು ಒಂದು ಸಲ ಬರೆಯಲಿಲ್ಲ,
ಜಾಡಿಸಿ ಮತ್ತೆ ಹಾಕಿದೆ.

ಹಾರಿದ ಹನ್ನೊಂದನೆಯ ನಿಮಿಷಕ್ಕೆ ರೇಡಿಯೋದಲ್ಲಿ ಅವಳ ದನಿ,
ಬಸ್ಸು ತಪ್ಪಿತು ಎನ್ನುವಷ್ಟು ಸಣ್ಣಗೆ:
ಎಂಜಿನ್ ನಿಂತಿದೆ.
ಆಮೇಲೆ ಗರಗರ, ಆಮೇಲೆ ಅದೂ ಇಲ್ಲ.
ಬಾರಾಮತಿಯ ರನ್‌ವೇ ಅಂಚಿಗೆ ಒಂದು ಟಿಟ್ಟಿಭ ಕೂಗಾಡುತ್ತಿತ್ತು.
ನನ್ನ ಚಹಾ ಕೈಯಲ್ಲೇ ಆರಿತು.

ಮೇಲೆ ಏನಾಯಿತೆಂದು ಅವಳೇ ಆಮೇಲೆ ಹೇಳಿದ್ದು.
ಮೊದಲು ಕೇಳಿಸಿದ್ದು ಗಾಳಿಯಂತೆ, ಅಷ್ಟು ದಿನ
ಎಂಜಿನಿನ ಹಿಂದೆ ಅಡಗಿ ಕೂತಿದ್ದ ಗಾಳಿ.
ಕಣ್ಣ ಮುಂದೆ ಫ್ಯಾನು ಅಡ್ಡಲಾಗಿ ನಿಂತಿತ್ತು,
ಬಾಗಿಲಿಗೆ ಅಗುಳಿ ಹಾಕಿದ ಹಾಗೆ.
ಎತ್ತರ ಎಂದರೆ ಇನ್ನು ಜೇಬಿನಲ್ಲಿ ಉಳಿದ ಚಿಲ್ಲರೆ,
ಎಣಿಸೆಣಿಸಿ ಖರ್ಚು ಮಾಡಬೇಕು.
ಕಬ್ಬು ಬೇಡ, ಮುಗುಚಿ ಹಾಕುತ್ತದೆ.
ಇಂದಾಪುರದ ರಸ್ತೆ ಬೇಡ, ಕೆಳಗೆ ಶಾಲೆಯ ಸೈಕಲ್ಲುಗಳು, ಮೇಲೆ ತಂತಿ.
ಆಲೆಮನೆಯ ಹೊಗೆ ಪಡುವಣಕ್ಕೆ ಬಾಗಿದೆ,
ಎಂದರೆ ಗಾಳಿ ಮೂಡಣದ್ದು,
ಎಂದರೆ ಸೂರ್ಯನ ಮುಖಕ್ಕೇ ಇಳಿಯಬೇಕು.
ಕಣ್ಣು ಕಿರಿದು ಮಾಡಿ, ಸಾಲು ಹಿಡಿದು
ಈರುಳ್ಳಿಯ ಹಸಿರಿನೊಳಕ್ಕೆ ಇಳಿದಳು.
ಅಳಲಿಲ್ಲವಂತೆ. ಬೆಲ್ಟು ಬಿಚ್ಚುವುದನ್ನೇ ಮರೆತು
ಬಾಗಿಲು ಒದೆಯುತ್ತಿದ್ದಳಂತೆ.

ನಾವು ಟೆಂಪೋದಲ್ಲಿ ಜಾಕು, ಹಗ್ಗ, ಮರದ ದಿಮ್ಮಿ ಹೇರಿಕೊಂಡು
ಇಪ್ಪತ್ತೆರಡು ಕಿಲೋಮೀಟರು ದಾಟಿ ಮುಟ್ಟಿದಾಗ
ಮುಂದಿನ ಗಾಲಿ ಮುರಿದು, ಮೂಗು ಮಣ್ಣಿಗೂರಿ
ನೀರು ಕುಡಿಯುವ ಎಮ್ಮೆಯಂತೆ ನಿಂತಿತ್ತು ವಿಮಾನ.
ರೆಕ್ಕೆಯ ನೆರಳಲ್ಲಿ ಅರ್ಧ ಊರು.
ಹೊಲದೊಡತಿ ಹೌಸಾಬಾಯಿ ದೇವಕಾತೆ
ಹುಡುಗಿಯ ಕೈಗೆ ಭಾಕರಿ, ಮೇಲೆ ಠೇಚಾ ಕೊಟ್ಟು ಕೂರಿಸಿ
ತಾನು ಕೋಲು ಹಿಡಿದು ಮುರಿದ ಸಸಿ ಎಣಿಸುತ್ತಿದ್ದಳು.
"ಆರು ಸಾಲು ಹೋತು. ಪೋರಿ ಉಳೀತು.
ಪೋರಿಗೆ ಲೆಕ್ಕ ಹಾಕೂದಿಲ್ಲ,
ಸಾಲಿನ ಲೆಕ್ಕ ನಿಮ್ಮ ಸಾಹೇಬ ಕೊಡಲಿ."

ನಾನು ಮತ್ತೆ ರೆಕ್ಕೆಯಡಿ ಬಗ್ಗಿದೆ. ಅದೇ ಲೋಟ.
ಈಗ ಹತ್ತರ ಬಿಸಿಲು.
ಗೆರೆ ಇರಲಿಲ್ಲ.
ನೀಲಿಯೂ ಇರಲಿಲ್ಲ.
ತಳದಿಂದ ಕಂಠದವರೆಗೆ ಬರೀ ನೀರು.
ನೀರೇ ತುಂಬಿದ ಲೋಟದಲ್ಲಿ ಗೆರೆ ಎಲ್ಲಿಂದ ಬರಬೇಕು?
ಮಬ್ಬಿನಲ್ಲಿ ಬಣ್ಣ ಕಾಣದು, ಸರಿ. ಮೂಸಿದ್ದರೆ ಸಾಕಿತ್ತು.
ಮೂಸಲಿಲ್ಲ.

ಕೇತಕಿ ಅಗಿಯುವುದು ನಿಲ್ಲಿಸಿ ನೋಡುತ್ತಿದ್ದಳು.
ಚೆಲ್ಲಲು ಕಾಲ ಬುಡದಲ್ಲೇ ನೆಲವಿತ್ತು,
ಒಂದೇ ಗುಟುಕಿಗೆ ಕುಡಿದು ಬಾಯಿ ಒರೆಸಿಕೊಳ್ಳುವಂಥ ನೆಲ.
ಕೈ ಓರೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.
"ಏನದು?" ಎಂದಳು ಹೌಸಾಬಾಯಿ.
"ನೀರು."
"ನಮ್ಮ ಮೋಟಾರು ನೀರಿಲ್ಲದಿದ್ರೆ ಸುಡ್ತದ,
ನಿಮ್ಮದು ನೀರು ಕಂಡ್ರೆ ನಿಲ್ತದ?"
ಊರೆಲ್ಲ ನಕ್ಕಿತು. ಕೇತಕಿಯೂ, ಸ್ವಲ್ಪ.
ಲೋಟದ ಬಾಯಿಗೆ ಅಂಗೈ ಮುಚ್ಚಿ
ಬದುವಿನ ಮೇಲೆ ಕೂತೆ, ಸಾಹೇಬರ ಜೀಪಿಗೆ ಕಾಯುತ್ತ.

ನಾಲ್ಕಕ್ಕೆ ಕರೆಂಟು ಬಂತು.
ತನಿಖೆ ಮುಗಿಯುವವರೆಗೆ ಏನೂ ಮುಟ್ಟಬಾರದು ಎಂದ ಪೊಲೀಸನಿಗೆ
"ಈ ಪಾಳಿ ತಪ್ಪಿದರೆ ಮತ್ತೆ ನಾಡಿದ್ದು" ಎಂದು
ಮುದುಕಿ ಕಾಲುವೆಯ ಬಾಯಿ ಬಿಟ್ಟಳು.
ನೀರು ಸಸಿಗಳನ್ನು ಬಿಟ್ಟು ಮೊದಲು
ಗಾಲಿಗಳು ಉತ್ತ ಗುರುತಿಗೇ ನುಗ್ಗಿತು,
ಹೊಲದ ಆ ಕೊನೆಯಿಂದ ವಿಮಾನದ ಮೂಗಿನವರೆಗೆ
ಹೊಳೆಯುತ್ತ, ನೆಟ್ಟಗೆ.
ಕೇತಕಿ ನೋಡುತ್ತ ನಿಂತಿದ್ದವಳು
ಯಾರದೋ ಗುದ್ದಲಿ ಕೇಳಿದಳು.

ಜೀಪು ಬಂದಾಗ ಅಂಗೈ ತೆಗೆದೆ.
ಲೋಟದ ಬಾಯಿ ಅದರ ಮೇಲೆ
ದುಂಡಗೆ ಒತ್ತಿಕೊಂಡಿತ್ತು.