ಕುರ್ಜೆಮೆಯ ಡ್ಯೂಕನ ರಾತ್ರಿಪಾಳಿ

ವೆಂಟ್ಸ್‌ಪಿಲ್ಸ್ ಬಂದರಿನ ಮೂರನೇ ಗೇಟಿಗೆ ನಾನು ಕಾವಲುಗಾರ,
ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ.
ಕೊನೆಯ ಗೋಧಿ ಲಾರಿ ದಾಟಿಹೋದ ಮೇಲೆ
ಹೀಟರಿನ ಪಕ್ಕ ಲ್ಯಾಪ್‌ಟಾಪ್ ತೆರೆದು
ಡ್ಯೂಕನಾಗುತ್ತೇನೆ.

ಅಂಗೈಯಗಲದ ನಾಡು ನನ್ನದು.
ನಕಾಶೆಯಲ್ಲಿ ತಿಳಿಹಸಿರು; ಮೌಸಿನ ಬಾಣ ಇಟ್ಟರೆ
ಅರ್ಧ ಮುಚ್ಚಿಹೋಗುತ್ತದೆ.
ಬಡಗಣಕ್ಕೆ ಸ್ವೀಡನ್ನು, ತೆಂಕಣಕ್ಕೆ ಪೋಲೆಂಡು, ಮೂಡಣಕ್ಕೆ
ದಿನೇ ದಿನೇ ಊದಿಕೊಳ್ಳುವ ಮಾಸ್ಕೋ.
ಆನೆಗಳು ಕಾದಾಡುವ ಅಂಗಳದಲ್ಲಿ
ಮೊಟ್ಟೆಗೆ ಕಾವು ಕೂತ ಕೋಳಿ ನಾನು.

ಖಜಾನೆಯಲ್ಲಿ ಹನ್ನೊಂದು ನಾಣ್ಯ. ಆದರೂ ಹಡಗು ಕಟ್ಟಿಸುತ್ತೇನೆ,
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನಿ ಬೇಕಾದರೆ.
ಹೊರಡುವುದು ಇದೇ ನದೀಮುಖದಿಂದ,
ಕಿಟಕಿಯಾಚೆ ಕ್ರೇನುಗಳು ಕೊಕ್ಕರೆಗಳಂತೆ
ನಿಂತಲ್ಲೇ ತೂಕಡಿಸುವ ಇದೇ ಕಡೆಯಿಂದ.
ಪರದೆಯಲ್ಲಿ ಅದೊಂದು ಚುಕ್ಕಿ.
ಅಟ್ಲಾಂಟಿಕ್ ದಾಟಲು ಅದಕ್ಕೆ ಹಿಡಿಯುವುದು
ನನ್ನ ಅರ್ಧ ಲೋಟ ಚಹಾ.

ಪೋಲೆಂಡನ್ನು ಆಳುವವನು ಬೋಗುಮಿಲ್,
ಎಲ್‌ಬ್ಲಾಂಗ್ ಊರಿನವನಂತೆ, ಹಲ್ಲಿನ ಸೆಟ್ಟು ಮಾಡುವ ಕೆಲಸ.
ಮುಖ ಕಂಡಿಲ್ಲ, ಕಿವಿಯೊಳಗಿನ ದನಿ ಮಾತ್ರ ಗೊತ್ತು.
"ಕದನವಿರಾಮ ಇನ್ನೆರಡು ವರ್ಷ.
ಆಮೇಲೆ ನಿನ್ನ ನುಂಗ್ತೀನಿ, ಬೇಜಾರು ಮಾಡ್ಕೋಬೇಡ."
"ನುಂಗು. ಗಂಟಲಲ್ಲಿ ಮೀನಿನ ಮುಳ್ಳಾಗ್ತೀನಿ."
ಅಷ್ಟರಲ್ಲಿ ಅವನ ಕಡೆ ಮಗು ಅಳುತ್ತದೆ.
"ತಡಿ" ಅನ್ನುತ್ತಾನೆ. ಸ್ಪೇಸ್ ಬಾರ್.

ಇಡೀ ಯುರೋಪು ನಿಲ್ಲುತ್ತದೆ.
ವಿಯೆನ್ನಾದ ಮುತ್ತಿಗೆಯಲ್ಲಿ ತೋಪು ಬಾಯಿ ತೆರೆದೇ ಇರುತ್ತದೆ,
ಪ್ಲೇಗು ಯಾವುದೋ ಊರಿನ ಹೊಸ್ತಿಲಲ್ಲಿ
ಎತ್ತಿದ ಕಾಲು ಎತ್ತಿದ ಹಾಗೇ,
ರಾಣಿಯೊಬ್ಬಳ ಹೆರಿಗೆನೋವು ನಡುವಲ್ಲೇ ತಡೆದು,
ಎಲ್‌ಬ್ಲಾಂಗಿನ ಒಂದು ಕೂಸಿಗೆ
ಹಾಲು ಬೆಚ್ಚಗಾಗುವ ತನಕ.

ಅವತ್ತು ನನ್ನ ಸುದಿನ.
ಸ್ವೀಡನ್ನಿನ ಕೈಯಿಂದ ಮೂರು ಪ್ರಾಂತ್ಯ ಕಿತ್ತುಕೊಂಡಿದ್ದೆ.
ಹೊಸ ಪ್ರಜೆಗಳು ಮುನಿಸಿಕೊಂಡಿದ್ದರು:
ದಂಗೆಯ ಸಂಭವ ಶೇಕಡ ಎಂಬತ್ತೇಳು.
ಆಟವೇ ಮೂಲೆಯಿಂದ ಉಪಾಯ ಪಿಸುಗುಟ್ಟಿತು:
ಜನರನ್ನು ಸ್ಥಳಾಂತರಿಸು.
ಖರ್ಚು, ನಲವತ್ತು. ಫಲ, ಹತ್ತು ವರ್ಷ ಶಾಂತಿ.
ಗುಂಡಿಯ ಮೇಲೆ ಒಂದು ಪುಟ್ಟ ಬಂಡಿಯ ಚಿತ್ರ.
ಬಿಡಿಸಿದವನು ಶ್ರದ್ಧೆಯವನು, ಚಕ್ರಕ್ಕೆ ಅರೆಕಾಲುಗಳನ್ನೂ ಹಾಕಿದ್ದ.
ಎಣಿಸಿದೆ. ಆರು.

ಅಜ್ಜಿ ಜೆಲ್ಮಾಳನ್ನು ಹತ್ತಿಸಿದ್ದು ಬಂಡಿಗಲ್ಲ,
ದನ ಸಾಗಿಸುವ ರೈಲುಡಬ್ಬಿಗೆ. ನಲವತ್ತೊಂಬತ್ತರ ಮಾರ್ಚಿ.
ಒಂದು ಗಂಟೆ ಕೊಟ್ಟಿದ್ದರು. ಹೊಲಿಗೆಯಂತ್ರದ
ತಲೆಯನ್ನಷ್ಟೇ ಬಿಚ್ಚಿ ಕಂಬಳಿಯಲ್ಲಿ ಸುತ್ತಿ ಹೊತ್ತಳು,
ಕಾಲು ಅಡುಗೆಮನೆಯಲ್ಲೇ ನಿಂತಿತು.
ಓಮ್‌ಸ್ಕ್ ಕಡೆ ಏಳು ವರ್ಷ
ಆ ತಲೆಯೇ ನಾಲ್ಕು ಹೊಟ್ಟೆ ಹೊರೆಯಿತು.
ಅವಳನ್ನೂ ಯಾರೋ ಮೇಲಿನಿಂದ ನೋಡಿರಬೇಕು,
ಬಣ್ಣದ ತೇಪೆ, ಒಂದು ಶೇಕಡಾವಾರು.
ಅವನ ಮೇಜಿನ ಮೇಲೂ ಚಹಾ ಇದ್ದಿರಬೇಕು, ಅರ್ಧ.
ಒಂದು ಗುಂಡಿ ಒತ್ತುತ್ತಾರೆ;
ಹೆಪ್ಪುಗಟ್ಟಿದ ನೆಲದಲ್ಲಿ ಎಷ್ಟು ಗುಂಡಿ ತೋಡಬೇಕೆಂದು
ತೋಡುವವರಿಗೆ ಮಾತ್ರ ಗೊತ್ತು.

ಸಾಚಾತನ ಬೇಡ. ನಾನೂ ಒತ್ತಿದ್ದೇನೆ,
ಹೋದ ಚಳಿಗಾಲದಲ್ಲಿ, ಬೇರೆ ಆಟದಲ್ಲಿ, ಎಷ್ಟೋ ಸಲ.
ಫಲ ಚೆನ್ನಾಗಿತ್ತು.

"ಏಯ್ ಡ್ಯೂಕ, ನಿದ್ದೆ ಹೋದ್ಯಾ? ಮಗು ಮಲಗಿತು."
"ಇಲ್ಲ. ಗೇಟಿಗೆ ಲಾರಿ ಬಂತು" ಅಂದೆ. ಸುಳ್ಳು.
ಸುಳ್ಳಿಗೆ ಕಾದು ಕೂತಿದ್ದಂತೆ
ಮಂಜಿನೊಳಗಿಂದ ಎರಡು ದೀಪ ಹೊರಟವು.

ಲಿಥುವೇನಿಯಾದ ಚಾಲಕ, ನಿದ್ದೆಗಣ್ಣು, ಕಾಗದ ಸರಿಯಾಗಿತ್ತು.
ಸಲಾಕೆ ಎತ್ತಿ ಬಿಟ್ಟರೆ ನನ್ನ ಕೆಲಸ ಮುಗಿಯಿತು.
"ಹಿಂದಿನ ಬಾಗಿಲು ತೆಗಿ" ಅಂದೆ.
"ಯಾಕೆ?" ಅಂದ. ನನಗೂ ಗೊತ್ತಿರಲಿಲ್ಲ.
ಟಾರ್ಚು ಹಾಕಿದೆ. ಓಟ್ಸ್ ಮೂಟೆಗಳು,
ಗೋಡೆಯಿಂದ ಗೋಡೆಗೆ.
ಆದರೂ ಎಣಿಸಿದೆ.